ಮಗಳಿಗೊಂದು ಪತ್ರ: ಗಡಿಯ ಆಚೆಯ ಮನೆ, ಈಚೆಯ ಮನೆ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಎರಡು ಮನೆಗಳ ವಿವರಗಳನ್ನು ನಾನೂ ನಿನ್ನ ಅಮ್ಮನೂ ಎರಡು ಮೂರು ಸಲ ಕುಳಿತು ಓದಿದೆವು. ಎರಡೂ ಕ್ಯಾಲಿಫೋರ್ನಿಯಾದ ಪಶ್ಚಿಮ ಸ್ಯಾನ್ ಹೋಸೆಯಲ್ಲಿವೆ, ಎರಡಕ್ಕೂ ಮೂರು ಮಲಗುವ ಕೋಣೆಗಳಿವೆ, ಹಿತ್ತಿಲಿನ ಅಳತೆಯೂ ಹೆಚ್ಚುಕಡಿಮೆ ಒಂದೇ. ಹಾಗಿದ್ದೂ ಒಂದಕ್ಕೆ 4 ಲಕ್ಷ ಡಾಲರ್ ಹೆಚ್ಚು ಕೇಳುತ್ತಿದ್ದಾರೆ. ಅದರ ವಿಳಾಸ ಸ್ಯಾನ್ ಹೋಸೆಯದಾದರೂ ಅಲ್ಲಿನ ಮಕ್ಕಳು ಹೋಗುವುದು ಪಕ್ಕದ ಊರಾದ ಕ್ಯುಪರ್ಟಿನೋದ ಶಾಲಾ ಜಿಲ್ಲೆಗೆ ಎಂಬುದೊಂದೇ ಅದಕ್ಕೆ ಕಾರಣ. ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಇಲ್ಲಿ ಸಾಮಾನ್ಯವಾಗಿ ಮನೆ ಯಾವ ಶಾಲೆಯ ವ್ಯಾಪ್ತಿಯಲ್ಲಿದೆ ಎಂಬುದೇ ನಿರ್ಧರಿಸುತ್ತದೆ; ದುಬಾರಿ ಮನೆ ಆ ಗಡಿಯ ಆಚೆಯದು, ಅಗ್ಗದ್ದು ಈಚೆಯದು. "ಏನು ಮಾಡಲಿ ಅಪ್ಪಾ?" ಎಂದು ನೀನು ಫೋನಿನಲ್ಲಿ ಕೇಳಿದಾಗ ನನ್ನಿಂದ ತಟ್ಟನೆ ಉತ್ತರ ಬರಲಿಲ್ಲ. 2003ರಲ್ಲಿ ಇದೇ ಪ್ರಶ್ನೆ ನಮ್ಮ ಮುಂದೆ ಬಂದಿತ್ತು, ಆಗ ನಾವು ತೆಗೆದುಕೊಂಡ ತೀರ್ಮಾನದೊಳಗೆ ಬೆಳೆದವಳು ನೀನು. ಆದ್ದರಿಂದ ನಿನಗೆ ಹೇಳಬೇಕಾದುದನ್ನು ಯೋಚಿಸಿ ಬರೆಯುವುದೇ ಸರಿ ಎನಿಸಿತು.

ಮಕ್ಕಳ ಓದಿಗಾಗಿ ಊರು ಬಿಡುವುದು ನಮ್ಮ ಮನೆತನಕ್ಕೆ ಹೊಸದಲ್ಲ. ನಾನು ಎಂಟನೇ ತರಗತಿಗೆ ಬಂದಾಗ ನಿನ್ನ ಅಜ್ಜಿ ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯನ್ನು ಬಿಟ್ಟು, ನನ್ನನ್ನೂ ನಿನ್ನ ಅತ್ತೆಯನ್ನೂ ಕರೆದುಕೊಂಡು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿದರು. ತೋಟವನ್ನು ಬಿಟ್ಟು ಬರುವಂತಿರಲಿಲ್ಲವಾದ್ದರಿಂದ ಅಜ್ಜ ಐದು ವರ್ಷ ಒಬ್ಬರೇ ಬೇಯಿಸಿಕೊಂಡು ಉಂಡರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಅಜ್ಜಿ ಬಸ್ಸು ಹಿಡಿದು ಹೋಗಿ, ಆಳುಗಳಿಗೆ ಅಡುಗೆ ಮಾಡಿಟ್ಟು, ಮರುದಿನ ನಾವು ಶಾಲೆಗೆ ಹೊರಡುವ ಹೊತ್ತಿಗೆ ಹಿಂತಿರುಗುತ್ತಿದ್ದರು. ಮಲೆನಾಡಿನಲ್ಲಿ ಇಂದಿಗೂ ಎಷ್ಟೋ ಕುಟುಂಬಗಳು ಹೀಗೆ ಪೇಟೆಯಲ್ಲಿ ಮನೆ ಮಾಡುತ್ತವೆ. ಆದ್ದರಿಂದ ಮಗುವಿಗೆ ಒಳ್ಳೆಯ ಶಾಲೆ ಬೇಕೆಂಬ ನಿನ್ನ ಹಂಬಲವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅಜ್ಜಿ ಮಾಡಿದ್ದು ಬಾಡಿಗೆ ಮನೆ. ನನ್ನ ಪಿಯುಸಿ ಮುಗಿದ ತಿಂಗಳೇ ಅದನ್ನು ಖಾಲಿ ಮಾಡಿ ತೋಟಕ್ಕೆ ಮರಳಿದರು. ನೀನು ಸಹಿ ಹಾಕಬೇಕಾಗಿರುವುದು 30 ವರ್ಷದ ಸಾಲಪತ್ರಕ್ಕೆ.

2003ರಲ್ಲಿ ನಿನಗೆ ಹತ್ತು ವರ್ಷ. ನನ್ನ ಕಚೇರಿಗೆ ಹದಿನೈದು ನಿಮಿಷದ ದೂರದಲ್ಲಿ 5 ಲಕ್ಷ ಡಾಲರ್‌ಗೆ ಒಂದು ಮನೆ ಇತ್ತು. ಅದನ್ನು ಬಿಟ್ಟು, ಹೆಸರುವಾಸಿ ಪ್ರೌಢಶಾಲೆಯ ವ್ಯಾಪ್ತಿಯಲ್ಲಿದ್ದ, ಅದಕ್ಕಿಂತ ಚಿಕ್ಕದಾದ ಮನೆಯನ್ನು ನಾವು 6.5 ಲಕ್ಷಕ್ಕೆ ಕೊಂಡೆವು. ಸ್ನೇಹಿತರೆಲ್ಲ ಅಲ್ಲೇ ಕೊಳ್ಳುತ್ತಿದ್ದರು, ನಮಗೆ ಎರಡನೆಯ ಯೋಚನೆ ಬರಲಿಲ್ಲ. ಕಂತು ಕಟ್ಟುವ ಸಲುವಾಗಿ ನಿನ್ನ ಅಮ್ಮ ಸಂಗೀತ ಪಾಠವನ್ನು ನಿಲ್ಲಿಸಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದಳು. ನಾನು ಬೆಳಿಗ್ಗೆ ಆರೂವರೆಗೆ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು. ಮೂರು ಗಂಟೆಗೆ ಶಾಲೆಯಿಂದ ಬಂದು, ಕೊರಳಿನ ದಾರದಲ್ಲಿದ್ದ ಕೀಲಿಯಿಂದ ಬಾಗಿಲು ತೆರೆದು, ಯಾರೂ ಇಲ್ಲದ ಮನೆಯಲ್ಲಿ ನೀನು ಮೂರೂವರೆ ಗಂಟೆ ಕಳೆಯುತ್ತಿದ್ದೆ. ನಿನ್ನ ವಿದ್ಯೆಗಾಗಿ ಕೊಂಡ ಮನೆಯಲ್ಲಿ ನಿನ್ನ ಪಕ್ಕ ಕುಳಿತು ಒಂದು ಲೆಕ್ಕ ಹೇಳಿಕೊಡುವುದಕ್ಕೆ ನನಗೆ ವಾರದ ಐದು ದಿನ ಸಮಯ ಇರಲಿಲ್ಲ. ಇದನ್ನು ನಾನು ನಿನಗೆ ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ.

ಆ ಶಾಲೆ ಏನನ್ನೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿನಗೆ ಜೀವಶಾಸ್ತ್ರದ ರುಚಿ ಹತ್ತಿಸಿದ ಮೇಷ್ಟ್ರು ಅಲ್ಲಿದ್ದರು, ಇಂದಿಗೂ ನಿನ್ನ ಜೊತೆಗಿರುವ ಇಬ್ಬರು ಗೆಳತಿಯರು ಅಲ್ಲಿಯವರೇ. ಆದರೆ ಹದಿನೈದರ ವಯಸ್ಸಿನಲ್ಲಿ ಗಣಿತಕ್ಕೆ ಎ ಬದಲು ಬಿ ಗ್ರೇಡ್ ಬಂದ ದಿನ ನೀನು ಊಟ ಬಿಟ್ಟು ಮಲಗಿದ್ದನ್ನೂ, ರಾತ್ರಿ ಒಂದು ಗಂಟೆಗೆ ನಿನ್ನ ಕೋಣೆಯ ದೀಪ ಉರಿಯುತ್ತಲೇ ಇದ್ದುದನ್ನೂ ನಾನು ಮರೆತಿಲ್ಲ. ತರಗತಿಯ ಮುಕ್ಕಾಲು ಪಾಲು ಮಕ್ಕಳು ಟ್ಯೂಷನ್‌ಗೆ ಹೋಗುವ ಕಡೆ, ಟ್ಯೂಷನ್ ಇಲ್ಲದ ಮಗು ತಾನೇ ದಡ್ಡ ಎಂದುಕೊಳ್ಳುತ್ತದೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ಹೆಚ್ಚಿನ ಹಣಕ್ಕೆ ಸಿಗುವುದೇನು? ಸ್ಯಾಂಡ್ರಾ ಬ್ಲ್ಯಾಕ್ ಎಂಬ ಅರ್ಥಶಾಸ್ತ್ರಜ್ಞೆ 1999ರಲ್ಲಿ ಮ್ಯಾಸಚೂಸೆಟ್ಸ್‌ನ ಉಪನಗರಗಳನ್ನು ಕುರಿತ ಒಂದು ಅಧ್ಯಯನವನ್ನು ಪ್ರಕಟಿಸಿದರು. ಶಾಲಾ ವ್ಯಾಪ್ತಿಯ ಗಡಿಯ ಆಚೆ ಈಚೆ ಇರುವ ಮನೆಗಳನ್ನು ಹೋಲಿಸಿ, ಪರೀಕ್ಷಾ ಅಂಕಗಳು 5% ಹೆಚ್ಚಿದ್ದರೆ ಜನರು ಮನೆಗೆ ಸುಮಾರು 2.5% ಹೆಚ್ಚು ಕೊಡುತ್ತಾರೆಂದು ಅವರು ಕಂಡುಕೊಂಡರು. ಅಂದರೆ ಜನರು ಬೆಲೆ ಕಟ್ಟುತ್ತಿರುವುದು ಅಂಕಗಳಿಗೆ. ಆ ಅಂಕಗಳಾದರೋ ಬಹುಮಟ್ಟಿಗೆ ಮಗು ಯಾವ ಮನೆಯಿಂದ ಬಂದಿದೆ, ಅಪ್ಪ ಅಮ್ಮ ಎಷ್ಟು ಓದಿದ್ದಾರೆ, ಎಷ್ಟು ದುಡಿಯುತ್ತಾರೆ ಎಂಬುದನ್ನು ಹಿಂಬಾಲಿಸುತ್ತವೆ. ಸ್ಟ್ಯಾನ್‌ಫರ್ಡ್‌ನ ಶಾನ್ ರಿಯರ್ಡನ್ ಅವರ ತಂಡ ದೇಶದ ಶಾಲೆಗಳ ಅಂಕಗಳನ್ನು ಒಟ್ಟುಗೂಡಿಸಿ ಹಲವು ಬಗೆಯಲ್ಲಿ ತೋರಿಸುತ್ತದೆ. ಅವುಗಳಲ್ಲಿ ಎರಡು ಮುಖ್ಯ: ಸರಾಸರಿ ಅಂಕ ಒಂದು, ವರ್ಷದಿಂದ ವರ್ಷಕ್ಕೆ ಮಕ್ಕಳು ಎಷ್ಟು ಮುಂದುವರಿದರು ಎಂಬುದು ಇನ್ನೊಂದು. ಶಾಲೆಯ ಕೆಲಸವನ್ನು ಹೆಚ್ಚು ಸರಿಯಾಗಿ ಹೇಳುವುದು ಎರಡನೆಯದು, ಮತ್ತು ಸರಾಸರಿ ಕಡಿಮೆಯಿದ್ದರೂ ಬೆಳವಣಿಗೆ ಚೆನ್ನಾಗಿರುವ ಶಾಲೆಗಳು ಇವೆ. ಮನೆ ಮಾರುವ ಜಾಲತಾಣದಲ್ಲಿ ಹತ್ತಕ್ಕೆ ಒಂಬತ್ತು ಎಂದೋ ಆರು ಎಂದೋ ಕಾಣುವ ಒಂದೇ ಅಂಕಿಯನ್ನು ನೋಡಿ ನಿರ್ಧರಿಸುವ ಮೊದಲು, ನೀನು ನೋಡಿರುವ ಎರಡೂ ಶಾಲೆಗಳ ಆ ಬೆಳವಣಿಗೆಯ ಅಂಕಿಯನ್ನು ಹುಡುಕಿ ನೋಡು.

ದುಬಾರಿ ಊರಿನ ಶಾಲೆಗೆ ಸರ್ಕಾರದ ಹಣ ಹೆಚ್ಚು ಹರಿಯುತ್ತದೆ ಎಂದು ನಾವು ಆಗ ನಂಬಿದ್ದೆವು. ಶಾಲೆಗಳ ಹಣದ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದಲೇ ಬರುವುದರಿಂದ ಬೇರೆ ಕೆಲವು ರಾಜ್ಯಗಳಲ್ಲಿ ಅದು ನಿಜ. 1973ರ ರೋಡ್ರಿಗೆಝ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5–4ರ ತೀರ್ಪಿನಲ್ಲಿ, ಆಸ್ತಿ ತೆರಿಗೆಯಿಂದ ಶಾಲೆಗಳ ನಡುವೆ ಉಂಟಾಗುವ ಅಸಮಾನತೆ ಕೇಂದ್ರ ಸಂವಿಧಾನಕ್ಕೆ ವಿರುದ್ಧವಲ್ಲ ಎಂದಿತು. ಕ್ಯಾಲಿಫೋರ್ನಿಯಾ ಮಾತ್ರ ಬೇರೆ ದಾರಿ ಹಿಡಿಯಿತು. ಇಲ್ಲಿನ ರಾಜ್ಯ ಸುಪ್ರೀಂ ಕೋರ್ಟ್ 1971ರಲ್ಲೇ ಸೆರಾನೊ ಪ್ರಕರಣದಲ್ಲಿ ಆ ಅಸಮಾನತೆಯನ್ನು ತಪ್ಪೆಂದಿತ್ತು, ಮತ್ತು 2013ರಿಂದ ಜಾರಿಯಲ್ಲಿರುವ ಸೂತ್ರದಂತೆ ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಹೆಚ್ಚಾಗಿರುವ ಜಿಲ್ಲೆಗೆ ಹೆಚ್ಚು ಹಣ ದೊರೆಯುತ್ತದೆ. ಪಾಲೋ ಆಲ್ಟೋದಂತೆ ತನ್ನ ಆಸ್ತಿ ತೆರಿಗೆಯಿಂದಲೇ ನಡೆಯುವ ಕೆಲವು ಶ್ರೀಮಂತ ಜಿಲ್ಲೆಗಳು ಇದಕ್ಕೆ ಹೊರತು. ಉಳಿದ ದುಬಾರಿ ಊರುಗಳಲ್ಲಿ ಕೊರತೆಯನ್ನು ತುಂಬುವುದು ಪೋಷಕರ ದೇಣಿಗೆ, ಮತದಾನದಿಂದ ಹಾಕಿಕೊಂಡ ಪ್ರತ್ಯೇಕ ತೆರಿಗೆ. ಮನೆ ಕೊಂಡ ಮೇಲೆ ಆ ಚೀಟಿಗಳೂ ನಿನ್ನ ಹೆಸರಿಗೇ ಬರುತ್ತವೆ.

ಇನ್ನೂ ಒಂದು ಸಂಗತಿ ಇದೆ. 1978ರಲ್ಲಿ ಕ್ಯಾಲಿಫೋರ್ನಿಯಾದ ಜನ ಮತ ಹಾಕಿ ಒಪ್ಪಿದ 13ನೇ ಪ್ರಸ್ತಾವದ ಪ್ರಕಾರ ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ 2%ಕ್ಕಿಂತ ಹೆಚ್ಚು ಏರುವಂತಿಲ್ಲ, ಮನೆ ಕೈಬದಲಾದಾಗ ಹೊಸ ಬೆಲೆ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಹಳಬರಾದ ನಾವು ಕಡಿಮೆ ತೆರಿಗೆ ಕಟ್ಟಿಕೊಂಡು, ಮಕ್ಕಳು ಬೆಳೆದು ಹೋದ ಮೇಲೂ ಅದೇ ಮನೆಯಲ್ಲಿ ಉಳಿಯುತ್ತೇವೆ. ಚಿಕ್ಕ ಮಕ್ಕಳಿರುವವರಿಗೆ ಆ ಬೀದಿಯಲ್ಲಿ ಕೊಳ್ಳುವ ಶಕ್ತಿ ಇರುವುದಿಲ್ಲ. ಕ್ಯುಪರ್ಟಿನೋ ಪ್ರಾಥಮಿಕ ಶಾಲಾ ಜಿಲ್ಲೆಯಲ್ಲಿ ಮಕ್ಕಳ ಸಂಖ್ಯೆ ವರ್ಷಗಳಿಂದ ಇಳಿಯುತ್ತಾ ಬಂದು 2022ರಲ್ಲಿ ಎರಡು ಶಾಲೆಗಳನ್ನು ಮುಚ್ಚಬೇಕಾಯಿತು. ಮನೆಯ ಮಾರಾಟಪತ್ರದಲ್ಲಿ ಶಾಲೆಯ ಹೆಸರು ಇರುವುದಿಲ್ಲ, ಮಗಳೇ. ವ್ಯಾಪ್ತಿಯ ಗೆರೆಯನ್ನು ಜಿಲ್ಲೆಯ ಮಂಡಳಿ ಬೇಕೆಂದಾಗ ಬದಲಿಸಬಹುದು.

ಲೆಕ್ಕವನ್ನೂ ಬರೆದುಬಿಡುತ್ತೇನೆ. ಹೆಚ್ಚಿನ 4 ಲಕ್ಷದಲ್ಲಿ 80 ಸಾವಿರ ಕೈಯಿಂದ ಕೊಟ್ಟು 3.2 ಲಕ್ಷ ಸಾಲ ಮಾಡಿದರೆ, ಬ್ಯಾಂಕು ನಿನಗೆ ಹೇಳಿರುವ 6.5% ಬಡ್ಡಿಗೆ ತಿಂಗಳಿಗೆ 2,020 ಡಾಲರ್‌ಗಿಂತ ತುಸು ಹೆಚ್ಚು ಕಂತು ಬೀಳುತ್ತದೆ. ಆಸ್ತಿ ತೆರಿಗೆ ಸುಮಾರು 1.2% ಎಂದಿಟ್ಟುಕೊಂಡರೆ ಅದರ ಮೇಲೆ ಇನ್ನೂ 400. ತಿಂಗಳಿಗೆ 2,400 ಡಾಲರ್, ಅದೂ ಬರೀ ವ್ಯತ್ಯಾಸದ ಬಾಬತ್ತು. ಮನೆ ಮಾರಿದಾಗ ಹಣ ಹಿಂತಿರುಗುತ್ತದೆ ಎಂದು ಅಳಿಯಂದಿರು ಹೇಳುವುದರಲ್ಲಿ ಸತ್ಯವಿದೆ, ನಮ್ಮ ಮನೆಯ ಬೆಲೆಯೂ ಏರಿದೆ. ಆದರೆ ಮೊದಲ ವರ್ಷ ಕಟ್ಟುವ 24 ಸಾವಿರ ಚಿಲ್ಲರೆಯಲ್ಲಿ ಅಸಲಿಗೆ ಸೇರುವುದು ಸುಮಾರು 3,600 ಮಾತ್ರ. ಮಗು ಐದು ವರ್ಷದವಳಾಗುವ ತನಕ ಕೆಲಸದ ಹೊತ್ತು ಕಡಿಮೆ ಮಾಡಿಕೊಳ್ಳಬೇಕೆಂದು ಕಳೆದ ಯುಗಾದಿಯಂದು ನೀನು ಹೇಳಿದ್ದೆ. ಆ 2,400 ಡಾಲರ್ ಬಂದರೆ ಆ ಮಾತು ನಡೆಯುವುದಿಲ್ಲ, ಇದು ನನಗೆ ಖಚಿತ.

ನನ್ನ ಅಭಿಪ್ರಾಯ ಕೇಳಿದರೆ, ಈಚೆಯ ಮನೆಯನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಆ ಶಾಲೆಯೊಳಗೆ ಕಾಲಿಡದೆ ಅದನ್ನೂ ಕೊಳ್ಳಬೇಡಿ. ಮುಖ್ಯೋಪಾಧ್ಯಾಯರನ್ನು ಕಂಡು, ಶಿಕ್ಷಕರು ಎಷ್ಟು ವರ್ಷ ಅಲ್ಲೇ ಉಳಿಯುತ್ತಾರೆ, ಓದಿನಲ್ಲಿ ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತಾರೆ, ಮುಂದೆ ಇರುವ ಮಗುವಿಗೆ ಏನು ಕೊಡುತ್ತಾರೆ ಎಂದು ಕೇಳಿ. ಮಧ್ಯಾಹ್ನ ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಬಳಿ ನಿಂತು ಮಕ್ಕಳ ಮುಖಗಳನ್ನು ನೋಡಿ. ಅಲ್ಲಿ ನಿಮ್ಮ ಮನಸ್ಸು ಒಪ್ಪದಿದ್ದರೆ ಆಚೆಯ ಮನೆಯ ಬಗ್ಗೆ ಮತ್ತೆ ಮಾತನಾಡೋಣ, ನಾನು ಹಟ ಮಾಡುವುದಿಲ್ಲ.

ನಾವು ಕೊಡುತ್ತೇವೆ ಎಂದಿರುವ ಹಣ ಯಾವ ಮನೆ ಕೊಂಡರೂ ನಿನ್ನದೇ; ಅದನ್ನು ಶಾಲೆಗಾಗಿ ಎತ್ತಿಟ್ಟದ್ದು ಎಂದು ತಿಳಿಯಬೇಡ. ಈಚೆಯ ಮನೆ ನಮ್ಮಲ್ಲಿಂದ ಅರ್ಧ ಗಂಟೆಯ ದಾರಿ. ಮಗುವನ್ನು ಮಂಗಳವಾರ, ಗುರುವಾರ ಶಾಲೆಯಿಂದ ಕರೆತರುವ ಕೆಲಸವನ್ನು ನನಗೆ ಬಿಡಬೇಕೆಂದು ನಾನು ಕೇಳಿಕೊಳ್ಳುತ್ತಿದ್ದೇನೆ, ಮತ್ತು ನಿನ್ನ ಅಮ್ಮ ಆ ದಿನಗಳಲ್ಲಿ ಅವಳಿಗೆ ಸರಳೆ ವರಸೆ ಹೇಳಿಕೊಡುತ್ತೇನೆಂದು ಈಗಾಗಲೇ ತಂಬೂರಿಯ ತಂತಿ ಬದಲಿಸಿದ್ದಾಳೆ. ಶಾಲೆ ನೋಡಲು ಹೋಗುವ ದಿನ ಯಾವುದೆಂದು ತಿಳಿಸು, ನಾನೂ ಬರುತ್ತೇನೆ.

ಪ್ರೀತಿಯಿಂದ,
ಅಪ್ಪ