ಬೆಲೆ ನೋಡುವ ಮೊದಲು ಕಾರ್ಡನ್ನು ಓದು

ಸಿಯಾಟಲ್

ಚಿರಂಜೀವಿ ಪುಟ್ಟನಿಗೆ ಮಾವನ ಆಶೀರ್ವಾದಗಳು. ನಾವು ಇಲ್ಲಿ ಕ್ಷೇಮ. ಅಕ್ಕ, ಭಾವ ಮತ್ತು ನೀನು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ.

ಅಕ್ಕನ ಕೈಯಲ್ಲಿ ಕಳುಹಿಸಿದ, ‘ಮ್ಯಾಜಿಕ್: ದಿ ಗ್ಯಾದರಿಂಗ್’ ಎಂಬ ಇಸ್ಪೀಟಿನಂಥ ಆಟದ ಕಾರ್ಡುಗಳ ಪೆಟ್ಟಿಗೆ ತಲುಪಿತೆಂದೂ, ಅದರಲ್ಲಿದ್ದ ಸುಮಾರು 600 ಕಾರ್ಡುಗಳ ಬೆಲೆಯನ್ನು ಒಂದೊಂದಾಗಿ ಫೋನಿನಲ್ಲಿ ನೋಡಿ, ಬೆಲೆಬಾಳುವ 11ನ್ನು ಮಾತ್ರ ತೆಗೆದಿಟ್ಟುಕೊಂಡು, ಉಳಿದವನ್ನು ರದ್ದಿ ಅಂಗಡಿಗೆ ಕೊಡಲಿರುವೆನೆಂದೂ ಬರೆದಿದ್ದೀಯೆ. ದಯವಿಟ್ಟು ಈ ಪತ್ರವನ್ನು ಓದಿ ಮುಗಿಸುವವರೆಗೆ ಆ ಕೆಲಸವನ್ನು ನಿಲ್ಲಿಸು. ಒಂದು ಕಾರ್ಡಿನ ಬೆಲೆ ಎಂದರೆ ಅದರಿಂದ ನಿನ್ನೆಯವರೆಗೆ ಇತರರು ಏನು ಮಾಡಿದ್ದಾರೆ ಎಂಬುದರ ಲೆಕ್ಕ. ನೀನು ಏನು ಮಾಡಬಲ್ಲೆ ಎಂಬುದು ಕಾರ್ಡಿನ ಮೇಲೆ ಅಚ್ಚಾಗಿರುವ ಆ ನಾಲ್ಕು ಸಾಲುಗಳಲ್ಲಿದೆ, ಮತ್ತು ಅವನ್ನು ನೀನು ಇನ್ನೂ ಓದಿಲ್ಲವೆಂದು ನಿನ್ನ ಪತ್ರದಿಂದಲೇ ನನಗೆ ತಿಳಿಯಿತು.

ನನಗೆ ಈ ಮಾತು ತಿಳಿದದ್ದು ಒಂದು ಕಾರ್ಡನ್ನು ಕಳೆದುಕೊಂಡ ಮೇಲೆ. 1995ರ ಜೂನ್‌ನಲ್ಲಿ ಐಸ್ ಏಜ್ ಎಂಬ ಹೊಸ ಕಾರ್ಡುಗಳ ಕಂತು ಬಿಡುಗಡೆಯಾದಾಗ ನಾನು ಇಲ್ಲಿ ವಿದ್ಯಾರ್ಥಿಯಾಗಿದ್ದೆ. ಆಟ ಹುಟ್ಟಿ ಆಗ ಎರಡು ವರ್ಷವೂ ತುಂಬಿರಲಿಲ್ಲ. ಕೊಂಡ ಕೆಲವೇ ಪ್ಯಾಕುಗಳಲ್ಲಿ ಒಂದರಿಂದ ನೆಕ್ರೊಪೊಟೆನ್ಸ್ ಬಂತು. ಮೂರು ಕಪ್ಪು ಮಾನಾ (ಕಾರ್ಡು ಆಡಲು ತೆರಬೇಕಾದ ಶಕ್ತಿ) ತೆತ್ತು ಇದನ್ನು ಕಣಕ್ಕಿಳಿಸಿದವನು, ಪ್ರತಿ ಸರದಿಯ ಆರಂಭದಲ್ಲಿ ಎಲ್ಲರಿಗೂ ಪುಕ್ಕಟೆಯಾಗಿ ಸಿಗುವ ಒಂದು ಕಾರ್ಡನ್ನು ಶಾಶ್ವತವಾಗಿ ಬಿಟ್ಟುಕೊಡಬೇಕು; ಅದಕ್ಕೆ ಬದಲಾಗಿ ತನ್ನ ಜೀವದ ಒಂದೊಂದು ಅಂಕವನ್ನು ಕೊಟ್ಟು ಒಂದೊಂದು ಕಾರ್ಡನ್ನು ಎತ್ತಿಡಬಹುದು, ಅದೂ ಕೈಗೆ ಬರುವುದು ಸರದಿಯ ಕೊನೆಗೆ. ಆಟದ ಆರಂಭದಲ್ಲಿ ಇರುವುದೇ 20 ಅಂಕ, ಅವು ಮುಗಿದರೆ ಸೋಲು. ಎದುರಾಳಿ ಕಷ್ಟಪಟ್ಟು ಕೀಳಬೇಕಾದ ಜೀವವನ್ನು ನಾನೇ ಕಿತ್ತುಕೊಡುವುದೇ ಎಂದುಕೊಂಡು, ದೊಡ್ಡ ಚಿತ್ರದ ಒಂದು ಸಾಧಾರಣ ಡ್ರ್ಯಾಗನ್ ಕಾರ್ಡಿಗಾಗಿ ಅದನ್ನು ನನ್ನ ಕೋಣೆಯ ಗೆಳೆಯನಿಗೆ ಬಿಟ್ಟುಕೊಟ್ಟೆ. ಆಗ ಹೆಚ್ಚಿನವರು ಹಾಗೆಯೇ ಯೋಚಿಸುತ್ತಿದ್ದರು.

ಒಂದು ವರ್ಷ ಕಳೆಯುವಷ್ಟರಲ್ಲಿ ಆ ಗೆಳೆಯ ಒಂದೇ ಸರದಿಯಲ್ಲಿ ಏಳೆಂಟು ಅಂಕಗಳನ್ನು ಹಿಂದೆಮುಂದೆ ನೋಡದೆ ಖರ್ಚು ಮಾಡಿ, ಕೈತುಂಬ ಕಾರ್ಡು ಹಿಡಿದು, ನನ್ನನ್ನು ವಾರಕ್ಕೆ ವಾರ ಸೋಲಿಸುತ್ತಿದ್ದ. ಊರೂರಿನ ಪಂದ್ಯಗಳಲ್ಲಿಯೂ ಅದೇ ಕಥೆಯಾಗಿ, 1996ರ ಆ ಬೇಸಿಗೆಗೆ ಆಟಗಾರರು ‘ಕಪ್ಪು ಬೇಸಿಗೆ’ ಎಂದೇ ಹೆಸರಿಟ್ಟರು. ಅವನಿಗೆ ಕಂಡದ್ದೂ ನನಗೆ ಕಾಣದೆ ಹೋದದ್ದೂ ಒಂದೇ ಸಂಗತಿ: 20 ಅಂಕಗಳಲ್ಲಿ ಸೋಲನ್ನು ತೀರ್ಮಾನಿಸುವುದು ಕಟ್ಟಕಡೆಯ ಒಂದು ಅಂಕ, ಉಳಿದ 19 ಅಂಕಗಳು ಕೈಯಲ್ಲಿರುವ ಹಣದಂತೆ, ಖರ್ಚು ಮಾಡದೆ ಆಟ ಮುಗಿದರೆ ಅವುಗಳಿಂದ ಯಾವ ಪ್ರಯೋಜನವೂ ಇಲ್ಲ. ಆದ್ದರಿಂದ ಯಾವುದೇ ಕಾರ್ಡನ್ನು ಕೈಗೆತ್ತಿಕೊಂಡಾಗ, ಇದು ನನ್ನಿಂದ ಏನನ್ನು ಕೇಳುತ್ತಿದೆ, ಕೇಳುತ್ತಿರುವುದು ನನಗೆ ನಿಜವಾಗಿಯೂ ಬೇಕಾದದ್ದೇ ಎಂದು ಮೊದಲು ವಿಚಾರಿಸು.

ಕೆಲವೊಮ್ಮೆ ಅದು ಕೇಳುವ ಬೆಲೆಯೇ ಲಾಭವಾಗುತ್ತದೆ. 1996ರ ಅಕ್ಟೋಬರಿನಲ್ಲಿ ಮಿರಾಜ್ ಕಂತಿನಲ್ಲಿ ಬಂದ ಲಯನ್ಸ್ ಐ ಡೈಮಂಡ್ ಎಂಬ ಕಾರ್ಡು, ಈ ಆಟದ ಅತಿ ಪ್ರಸಿದ್ಧ ಕಾರ್ಡಾದ ಬ್ಲ್ಯಾಕ್ ಲೋಟಸ್‌ನಂತೆಯೇ ಪುಕ್ಕಟೆಯಾಗಿ ಮೂರು ಮಾನಾ ಕೊಡುತ್ತದೆ. ಆದರೆ ಅದಕ್ಕಾಗಿ ಕೈಯಲ್ಲಿರುವ ಎಲ್ಲ ಕಾರ್ಡುಗಳನ್ನೂ ಎಸೆಯಬೇಕು. ಆಡಲು ಕಾರ್ಡೇ ಇಲ್ಲದ ಮೇಲೆ ಮಾನಾ ಏಕೆ ಎಂದು ಜನ ಆರಂಭದಲ್ಲಿ ಅದನ್ನು ಕಡೆಗಣಿಸಿದರು. 2006ರಲ್ಲಿ ಇನ್‌ಫರ್ನಲ್ ಟ್ಯೂಟರ್ ಬಂತು: ಕೈ ಖಾಲಿ ಇದ್ದವನಿಗೆ ತಾನು ಆಡಲು ತಂದ ಕಾರ್ಡುಗಳ ಕಟ್ಟಿನಿಂದ ಬೇಕಾದ ಕಾರ್ಡನ್ನು ಹುಡುಕಿ ತೆಗೆಯುವ ಅವಕಾಶ ಅದರಲ್ಲಿದೆ. ಮೊದಲು ಟ್ಯೂಟರನ್ನು ಆಡಿ, ಅದು ಫಲಿಸುವ ಮುನ್ನ ಡೈಮಂಡನ್ನು ಒಡೆದರೆ, ಕೈ ಖಾಲಿಯಾಗುವುದೇ ಬೇಕಾಗಿದ್ದ ಕೆಲಸವಾಗುತ್ತದೆ, ಮಾನಾ ಅದರ ಜೊತೆಗೆ ಬರುತ್ತದೆ. ಇಂದು ಆ ಡೈಮಂಡಿನ ಬೆಲೆ ನೂರಾರು ಡಾಲರ್.

ಡಾರ್ಕ್ ಡೆಪ್ತ್ಸ್‌ನ ಕಥೆಯೂ ಇಂಥದೇ. 2006ರಲ್ಲಿ ಬಂದ, ‘ಭೂಮಿ’ ಎಂಬ ಬಗೆಯ ಈ ಕಾರ್ಡಿನ ಮೇಲೆ ಹತ್ತು ಹಿಮದ ಗುರುತುಗಳಿರುತ್ತವೆ. ಒಂದೊಂದನ್ನು ಕರಗಿಸಲು ಮೂರು ಮಾನಾ, ಅಂದರೆ ಒಟ್ಟು 30 ಮಾನಾ ಸುರಿದ ಮೇಲೆ 20 ಬಲದ ಹಾರುವ ದೈತ್ಯವೊಂದು ಏಳುತ್ತದೆ. ಅಷ್ಟು ಹೊತ್ತು ಯಾವ ಎದುರಾಳಿಯೂ ಕಾಯುವುದಿಲ್ಲ. ಆದರೆ ಮೂರು ವರ್ಷಗಳ ಬಳಿಕ ಜ಼ೆಂಡಿಕಾರ್ ಕಂತಿನಲ್ಲಿ ಬಂದ ವ್ಯಾಂಪೈರ್ ಹೆಕ್ಸ್‌ಮೇಜ್ ಎಂಬ ಎರಡು ಮಾನಾದ ಪುಟ್ಟ ಜೀವಿ ತನ್ನನ್ನೇ ಬಲಿಕೊಟ್ಟು ಎಲ್ಲ ಗುರುತುಗಳನ್ನೂ ಒಮ್ಮೆಗೇ ಅಳಿಸಿಬಿಟ್ಟಿತು. 2011ರಲ್ಲಿ ಮಾಡರ್ನ್ ಎಂಬ ಪಂದ್ಯವಿಧಾನ ಆರಂಭವಾದಾಗ ಡಾರ್ಕ್ ಡೆಪ್ತ್ಸ್ ಮೊದಲ ದಿನದಿಂದಲೇ ನಿಷೇಧಿತ ಕಾರ್ಡುಗಳ ಪಟ್ಟಿಯಲ್ಲಿತ್ತು.

ಈಗ ನಿನ್ನ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ಲ್ಯಾಂಟರ್ನ್ ಆಫ್ ಇನ್‌ಸೈಟ್ ಎಂಬ ಲಾಂದ್ರದ ಚಿತ್ರದ ಕಾರ್ಡೊಂದು ಇದೆ. ನೀನು ತೆಗೆದಿಟ್ಟ 11ರ ಪಟ್ಟಿಯಲ್ಲಿ ಅದರ ಹೆಸರಿಲ್ಲ. 2004ರಲ್ಲಿ ಬಂದ ಆ ಲಾಂದ್ರ ಮುಖ್ಯವಾಗಿ ಮಾಡುವುದಿಷ್ಟೆ: ಆಟಗಾರರೆಲ್ಲರೂ ತಮ್ಮ ಕಟ್ಟಿನ ಮೇಲಿನ ಕಾರ್ಡನ್ನು ಮುಖ ಮೇಲಾಗಿಟ್ಟು ಆಡಬೇಕು. ನೋಡುವುದರಿಂದ ಯಾರೂ ಸಾಯುವುದಿಲ್ಲವಾದ್ದರಿಂದ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕಟ್ಟಿನ ಮೇಲಿನ ಒಂದು ಕಾರ್ಡನ್ನು ಸ್ಮಶಾನಕ್ಕೆ, ಅಂದರೆ ಎಸೆದ ಕಾರ್ಡುಗಳ ರಾಶಿಗೆ, ತಳ್ಳುವ, 2011ರ ಘೂಲ್‌ಕಾಲರ್ಸ್ ಬೆಲ್ ಮತ್ತು 2012ರ ಕೋಡೆಕ್ಸ್ ಶ್ರೆಡರ್‌ಗಳನ್ನೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಏಕೆಂದರೆ 60 ಕಾರ್ಡುಗಳ ಕಟ್ಟಿನಲ್ಲಿ ಕುರುಡಾಗಿ ಒಂದನ್ನು ತಳ್ಳಿದರೆ ಎದುರಾಳಿಗೆ ಆಗುವ ನಷ್ಟವೇನೂ ಇಲ್ಲ. ಆದರೆ ಲಾಂದ್ರ ಉರಿಯುತ್ತಿರುವಾಗ ತಳ್ಳುವಿಕೆ ಕುರುಡಾಗಿರುವುದಿಲ್ಲ. ಎದುರಾಳಿಗೆ ಮುಂದೆ ಬರಲಿರುವ ಕಾರ್ಡು ಅಪಾಯದ್ದಾದರೆ ತಳ್ಳುತ್ತೀಯೆ, ಕೆಲಸಕ್ಕೆ ಬಾರದ್ದಾದರೆ ಅವನೇ ತೆಗೆದುಕೊಳ್ಳಲೆಂದು ಬಿಡುತ್ತೀಯೆ. ನಿನ್ನ ಕೈಯಲ್ಲಿ ಎಷ್ಟು ಕಾರ್ಡುಗಳಿವೆಯೋ ಅದಕ್ಕಿಂತ ಹೆಚ್ಚು ಬಲದ ಯಾವ ಜೀವಿಯೂ ದಾಳಿಗೆ ಬಾರದಂತೆ ತಡೆಯುವ, 1998ರ ಎನ್‌ಸ್ನೇರಿಂಗ್ ಬ್ರಿಡ್ಜ್ ಇದಕ್ಕೆ ಕಾವಲಾಯಿತು. 2015ರಲ್ಲಿ ಜ಼್ಯಾಕ್ ಎಲ್ಸಿಕ್ ಎಂಬ ಆಟಗಾರ ಒಕ್ಲಹೋಮ ಸಿಟಿಯ ಗ್ರ್ಯಾನ್ ಪ್ರೀ ಪಂದ್ಯವನ್ನು ಈ ಕಟ್ಟಿನಿಂದ ಗೆದ್ದ. 2018ರಲ್ಲಿ ಸ್ಪೇನಿನ ಬಿಲ್ಬಾವೊದಲ್ಲಿ ಅರ್ಜೆಂಟೀನಾದ ಲೂಯಿಸ್ ಸಾಲ್ವಾಟೊ ಇಂಥದೇ ಕಟ್ಟಿನಿಂದ, ವೃತ್ತಿಪರರ ಪಂದ್ಯವಾದ ಪ್ರೊ ಟೂರನ್ನೇ ಗೆದ್ದ. ಬೇರೆ ಬೇರೆ ಕಾಲದಲ್ಲಿ ಅಚ್ಚಾಗಿ ಪೆಟ್ಟಿಗೆಗಳ ತಳದಲ್ಲಿ ಬಿದ್ದಿದ್ದ ಆ ಕಾರ್ಡುಗಳನ್ನು ಒಂದೆಡೆ ಕೂಡಿಸಲು, ಅವನ್ನು ತಾಳ್ಮೆಯಿಂದ ಓದಿದವರು ಬೇಕಾಯಿತು. ಈ ಆಟದಲ್ಲಿ ನಾನು ಇದಕ್ಕಿಂತ ಹೆಚ್ಚು ಗೌರವಿಸುವ ಸಾಧನೆ ಬೇರೊಂದಿಲ್ಲ.

ಆಟವನ್ನು ರೂಪಿಸುವವರ ಕಣ್ಣನ್ನೂ ಕಾರ್ಡುಗಳು ತಪ್ಪಿಸಿಕೊಳ್ಳುತ್ತವೆ. ತೊಟ್ಟ ಜೀವಿಗೆ ಬಲವನ್ನು ಒಂದು ಹೆಚ್ಚಿಸಿ ತಾಳಿಕೆಯನ್ನು ಒಂದು ಕುಗ್ಗಿಸುವ, ಹಾಗೆ ಕುಗ್ಗಿಯೇ ಆ ಜೀವಿ ಸತ್ತರೂ ಎರಡು ಕಾರ್ಡು ಕೊಡುವ ಸ್ಕಲ್‌ಕ್ಲ್ಯಾಂಪ್ 2004ರ ಆರಂಭದಲ್ಲಿ ಬಂದು ಅದೇ ವರ್ಷದ ಜೂನ್‌ನಲ್ಲಿ ನಿಷೇಧವಾಯಿತು.

ಇಷ್ಟನ್ನು ಓದಿ, ಅಗ್ಗದ ಕಾರ್ಡುಗಳೆಲ್ಲವೂ ಮುಚ್ಚಿಟ್ಟ ನಿಧಿಯೆಂದು ನೀನು ತಿಳಿಯಬಾರದು. ಹೆಚ್ಚಿನವು ಅಗ್ಗವಾಗಿರುವುದು ಅವು ದುರ್ಬಲವಾಗಿರುವುದರಿಂದಲೇ. ಮುಂದೊಂದು ದಿನ ಬೆಲೆ ಏರುವುದೆಂದು ಒಂದೇ ಕಾರ್ಡಿನ ನೂರು ಪ್ರತಿಗಳನ್ನು ಕೊಂಡಿಡುವವರನ್ನು ನಾನು ಇಲ್ಲಿ ಕಂಡಿದ್ದೇನೆ. ಅದು ವ್ಯಾಪಾರ, ಮತ್ತು ನಿನ್ನ ವಯಸ್ಸಿನಲ್ಲಿ ನಿನ್ನ ತಂದೆಯ ಹಣದಿಂದ ಅದನ್ನು ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನೀನು ಹುಟ್ಟುಹಬ್ಬಕ್ಕೆ ಕೇಳಿದ ದುಬಾರಿ ಕಾರ್ಡನ್ನೂ ಈ ವರ್ಷ ಕಳುಹಿಸುವುದಿಲ್ಲ. ಬೇಸರಪಡಬೇಡ. ಅದು ನಿನ್ನ ಕಟ್ಟಿಗೆ ಬೇಕೇ ಎಂದು ತಿಳಿಯಲು, ಅದರ ಹೆಸರನ್ನೂ ಪಠ್ಯವನ್ನೂ ಚೀಟಿಯೊಂದರ ಮೇಲೆ ಬರೆದು, ಬೇರೊಂದು ಕಾರ್ಡಿನ ಮುಂದೆ ಸಿಕ್ಕಿಸಿ, ಮನೆಯಲ್ಲಿ ಗೆಳೆಯರೊಡನೆ ಹತ್ತು ಆಟ ಆಡಿ ನೋಡು. ಪ್ರತಿ ಆಟದ ಬಳಿಕ, ಅದು ಕೈಗೆ ಬಂದಾಗ ನಿನಗೆ ಸಂತೋಷವಾಯಿತೋ ಇಲ್ಲವೋ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ನೆನಪು ಗೆದ್ದ ಆಟಗಳನ್ನಷ್ಟೇ ಉಳಿಸಿಕೊಳ್ಳುತ್ತದೆ.

ಪೆಟ್ಟಿಗೆಯನ್ನು ಮತ್ತೆ ಹರವಿಕೊಂಡು, ಈ ಸಲ ಕಾರ್ಡುಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ ವಿಂಗಡಿಸು: ಕಾರ್ಡು ಕೊಡುವಂಥವು, ಎದುರಾಳಿಯ ಜೀವಿಯನ್ನು ಕೊಲ್ಲುವಂಥವು, ಬಲಿ ಕೇಳುವಂಥವು, ಮತ್ತು ಏನು ಮಾಡುತ್ತವೆಂದೇ ನಿನಗೆ ಅರ್ಥವಾಗದಂಥವು. ಕೊನೆಯ ಗುಂಪು ಚಿಕ್ಕದಾಗಿರುತ್ತದೆ. ಅದನ್ನು ಬೇರೆಯಾಗಿಡು, ಬೇರೆ ಯಾವ ಕಾರ್ಡು ಜೊತೆಗಿದ್ದರೆ ಇದಕ್ಕೆ ಅರ್ಥ ಬಂದೀತು ಎಂದು ಒಂದೊಂದಕ್ಕೂ ಯೋಚಿಸು. ಬಳಿಕ ಕಾಮನ್ ಕಾರ್ಡುಗಳಿಂದಷ್ಟೇ, ಅಂದರೆ ಪ್ಯಾಕುಗಳಲ್ಲಿ ಅತಿ ಸುಲಭವಾಗಿ ಸಿಗುವಂಥವುಗಳಿಂದ, ಎರಡು ಕಟ್ಟುಗಳನ್ನು ಕಟ್ಟು. ಕಾಮನ್‌ಗಳನ್ನು ಮಾತ್ರ ಬಳಸುವ ಪಾಪರ್ ಎಂಬ ಪಂದ್ಯವಿಧಾನಕ್ಕೆ 2019ರಿಂದ ಕಾಗದದ ಕಾರ್ಡುಗಳಲ್ಲಿಯೂ ಅಧಿಕೃತ ಮನ್ನಣೆಯಿದೆ. ಕಾರ್ಡು ಓದುವುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆಯನ್ನು ನಾನು ಕಂಡಿಲ್ಲ, ಖರ್ಚೂ ಕಡಿಮೆ.

ನಿನಗೆ ಅರ್ಥವಾಗದ ಕಾರ್ಡುಗಳ ಹೆಸರುಗಳನ್ನು ಮುಂದಿನ ಪತ್ರದಲ್ಲಿ ಬರೆದು ಕಳುಹಿಸು. ಡಿಸೆಂಬರಿನಲ್ಲಿ ನಾನು ಬೆಂಗಳೂರಿಗೆ ಬಂದಾಗ ಅವನ್ನೆಲ್ಲ ಮೇಜಿನ ಮೇಲಿಟ್ಟುಕೊಂಡು ಇಬ್ಬರೂ ಕೂರೋಣ. ಆ ಲಾಂದ್ರ ಮಾತ್ರ ಜೋಪಾನ. ಅಕ್ಕ ಭಾವಂದಿರಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ,
ನಿನ್ನ ಮಾವ