ಹಳೆ ಪುಸ್ತಕಕ್ಕೆ ಮೊದಲು ರೇಟು ಬರಲಿ, ಆಮೇಲೆ ಪುಸ್ತಕದ ಊರು

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪುರವಣಿಯಲ್ಲಿ ಸ್ಕಾಟ್ಲೆಂಡಿನ ವಿಗ್‌ಟೌನ್ ಎಂಬ ‘ಪುಸ್ತಕದ ಊರಿನ’, ಅಂದರೆ ಪುಸ್ತಕದ ಅಂಗಡಿಗಳಿಗೇ ಹೆಸರಾದ ಊರಿನ ಬಗ್ಗೆ ಲೇಖನ ಬಂದಿತ್ತು. ನಾನು ಪೇಪರ್ ಬಿಡಿಸುವ ಮೊದಲೇ ಮೂರು ಜನ ಅದರ ಫೋಟೊ ಹೊಡೆದು ವಾಟ್ಸಾಪಿಗೆ ಕಳಿಸಿದ್ದರು. ‘ನಿಮ್ಮ ಬಗ್ಗೇನ ಬಂದೈತಿ ನೋಡ್ರಿ’ ಅಂತ ಒಬ್ಬರು. ನನ್ನ ಬಗ್ಗೆ ಏನೂ ಇರಲಿಲ್ಲ. ನಾನು ಕೊಪ್ಪಳದಲ್ಲಿ 22 ವರ್ಷದಿಂದ ಪುಸ್ತಕದ ಅಂಗಡಿ ಇಟ್ಟುಕೊಂಡವನು, ಅಷ್ಟೇ. ಹೊಸದೂ ಇದೆ, ಹಳೆಯದೂ ಇದೆ, ಬಾಗಿಲ ಹತ್ತಿರ ಒಂದು ಜೆರಾಕ್ಸ್ ಮಷಿನ್ನೂ ಇದೆ.

ಲೇಖನ ಚೆನ್ನಾಗಿತ್ತು. ಆದರೆ ಬರೆದವರು ಕೊನೆಗೆ, ನಮ್ಮ ಆನೆಗೊಂದಿಯನ್ನೂ ಹೀಗೇ ಪುಸ್ತಕದ ಊರು ಮಾಡಬಹುದಲ್ಲ, ಸರ್ಕಾರ ಒಂದಿಷ್ಟು ಅನುದಾನ ಕೊಟ್ಟರೆ ಸಾಕಲ್ಲ ಅಂದಿದ್ದಾರೆ. ಜೊತೆಗೆ, ಈ ಕಡೆಯ ಪುಸ್ತಕದ ಅಂಗಡಿಗಳಲ್ಲಿ ಬರೀ ಗೈಡ್ ಸಿಗುತ್ತವೆ ಅಂತ ಒಂದು ಕುಟುಕು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ಕತ್ತರಿಸುವುದಾದರೆ ಕತ್ತರಿಸಿ, ಗೈಡಿನ ವಿಷಯ ಮಾತ್ರ ಬಿಡಬೇಡಿ.

ವಿಗ್‌ಟೌನ್ ಸ್ಕಾಟ್ಲೆಂಡಿನ ನೈರುತ್ಯ ಮೂಲೆಯಲ್ಲಿ, ಗ್ಯಾಲೊವೇ ಸೀಮೆಯಲ್ಲಿದೆ. ಜನ ಹೆಚ್ಚುಕಡಿಮೆ ಒಂದು ಸಾವಿರ. ನಮ್ಮ ಲೆಕ್ಕಕ್ಕೆ ಒಂದು ಸಣ್ಣ ಹಳ್ಳಿ. ರೈಲೂ ಇಲ್ಲ. ಅಲ್ಲಿನ ಹಾಲಿನ ಕಾರ್ಖಾನೆ ಮುಚ್ಚಿತು, 1993ರಲ್ಲಿ ಪಕ್ಕದ ಬ್ಲಾಡ್ನಾಕ್‌ನ ವಿಸ್ಕಿ ಕಾರ್ಖಾನೆಯೂ ಬಾಗಿಲು ಹಾಕಿತು. ಕೆಲಸ ಹೋಯಿತು, ದುಡಿಯುವ ಜನ ಊರು ಬಿಟ್ಟರು, ಮುಖ್ಯ ಬೀದಿಯ ಮನೆಗಳು ಖಾಲಿ ಬಿದ್ದವು. ಆ ಹೊತ್ತಿಗೆ ಸ್ಕಾಟ್ಲೆಂಡಿಗೆ ಒಂದು ಪುಸ್ತಕದ ಊರು ಬೇಕು ಅಂತ ಊರುಗಳ ನಡುವೆ ಸ್ಪರ್ಧೆ ಇಟ್ಟರು. ವಿಗ್‌ಟೌನ್ ಗೆದ್ದಿತು. 1998ರಿಂದ ಅದಕ್ಕೆ ಆ ಹೆಸರು, 1999ರಿಂದ ವರ್ಷಕ್ಕೊಮ್ಮೆ ಪುಸ್ತಕ ಹಬ್ಬ. ಅಂದರೆ ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದ ಆಜುಬಾಜಿನಲ್ಲೇ ಅದು ಪುಸ್ತಕದ ಊರಾಯಿತು. ನಾವು ಡಿಸಿ ಆಫೀಸ್ ಎಲ್ಲಿ ಕಟ್ಟಬೇಕು ಅಂತ ಮಾತಾಡುತ್ತಿದ್ದಾಗ ಅವರು ಖಾಲಿ ಮನೆಗಳಲ್ಲಿ ಕಪಾಟು ಹೊಡೆಸುತ್ತಿದ್ದರು.

ಲೇಖನದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಅಲ್ಲಿ ಹೆಚ್ಚಾಗಿ ಮಾರುವುದು ಹಳೆ ಪುಸ್ತಕ. ಅಲ್ಲಿಯ ದೊಡ್ಡ ಅಂಗಡಿಯಲ್ಲಿ ಸುಮಾರು ಒಂದು ಲಕ್ಷ ಪುಸ್ತಕ ಇವೆಯಂತೆ. ಅದರ ಮಾಲೀಕರು ವ್ಯಾನ್ ತಗೊಂಡು ಊರೂರು ತಿರುಗುತ್ತಾರೆ. ಯಾರೋ ತೀರಿಕೊಂಡಿರುತ್ತಾರೆ, ಯಾರೋ ದೊಡ್ಡ ಮನೆ ಬಿಟ್ಟು ಸಣ್ಣ ಮನೆಗೆ ಹೋಗುತ್ತಿರುತ್ತಾರೆ. ಇವರು ಹೋಗಿ, ನೋಡಿ, ರೇಟು ಕಟ್ಟಿ, ಹೊತ್ತು ತರುತ್ತಾರೆ. ಆ ಹೊರೆಯ ಮೇಲೆ ನಿಂತಿದೆ ಆ ಊರು. ಅವರ ದಿನಚರಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದಿದೆ, ದಿನಾ ಎಷ್ಟು ಗಿರಾಕಿ, ಗಲ್ಲಾದಲ್ಲಿ ಎಷ್ಟು ದುಡ್ಡು ಅಂತ ಬರೆದಿದ್ದಾರೆ. ಕೆಲವು ದಿನದ ಮೊತ್ತ ನೋಡಿದರೆ ನನ್ನ ಗಲ್ಲಾನೇ ವಾಸಿ ಅನ್ನಿಸುತ್ತೆ.

ಈಗ ನಮ್ಮ ಕಡೆ ಹಳೆ ಪುಸ್ತಕ ಎಲ್ಲಿಗೆ ಹೋಗುತ್ತೆ? ರದ್ದಿಗೆ. ಕೆಜಿ ಲೆಕ್ಕ.

ಹೋದ ವರ್ಷ ಕುಕನೂರು ಕಡೆಯ ಒಂದು ಮನೆಯಿಂದ ಫೋನ್ ಬಂತು. ಹೈಸ್ಕೂಲ್ ಮಾಸ್ತರರು ತೀರಿಕೊಂಡು ಮೂರು ತಿಂಗಳಾಗಿತ್ತು. ಮನೆಗೆ ಸುಣ್ಣ ಹೊಡೆಸಬೇಕು, ಅಟ್ಟದ ಮೇಲಿನ ಎರಡು ಟ್ರಂಕು ಖಾಲಿ ಮಾಡಬೇಕು. ನಾನು ಹೋದಾಗ ಸೊಸೆ ಮೊದಲು ಕೇಳಿದ ಮಾತು, ‘ಅಣ್ಣಾರ, ಕೆಜಿಗೆ ಎಷ್ಟು ಹಾಕ್ತೀರಿ?’

‘ಕೆಜಿ ಅಲ್ರೀ ಅಕ್ಕಾರ, ಒಂದೊಂದ ನೋಡಿ ಹೇಳ್ತೀನಿ’ ಅಂದೆ. ಅವರಿಗೆ ಬೇಜಾರಾಯಿತು. ಇವತ್ತೇ ಮುಗಿಯಲ್ಲ ಇದು ಅಂತ ಅಂದುಕೊಂಡಿರಬೇಕು.

ಟ್ರಂಕು ತೆಗೆದರೆ ಮೇಲೆ ಒಣಗಿದ ಬೇವಿನ ಎಲೆ, ಮುಟ್ಟಿದರೆ ಪುಡಿ. ಪ್ರತಿ ಪುಸ್ತಕಕ್ಕೂ ಹಳೆ ಕ್ಯಾಲೆಂಡರಿನ ಹಾಳೆಯ ರಟ್ಟು ಹಾಕಿದ್ದರು, ಬಿಳಿ ಮಗ್ಗುಲು ಹೊರಗೆ ಬರೋ ಹಾಗೆ. ಬೆನ್ನ ಮೇಲೆ ಕೆಂಪು ಶಾಯಿಯಲ್ಲಿ ನಂಬರು. ಒಳಗಿನ ಮೊದಲ ಪುಟದಲ್ಲಿ ಕೊಂಡ ಊರು, ತಾರೀಖು, ಬೆಲೆ. ‘ಹುಬ್ಬಳ್ಳಿ, 9-6-1974, ರೂ. 4-50.’ ಹಿಂದಿನ ಪುಟದಲ್ಲಿ ಯಾರು ಯಾರು ಒಯ್ದರು ಅಂತ ಹೆಸರುಗಳು, ತಂದು ಕೊಟ್ಟ ಮೇಲೆ ಹೆಸರಿನ ಮೇಲೆ ಒಂದು ಗೆರೆ. ಒಂದು ಕಾದಂಬರಿಯಲ್ಲಿ ಹನ್ನೊಂದು ಹೆಸರಿದ್ದವು, ಕೊನೆಯದಕ್ಕೆ ಗೆರೆ ಇರಲಿಲ್ಲ. ಪುಸ್ತಕ ಅಂತೂ ವಾಪಸ್ ಬಂದಿತ್ತು, ನನ್ನ ಕೈಯಲ್ಲೇ ಇತ್ತು. ಮಾಸ್ತರರು ಗೆರೆ ಮರೆತರೋ, ಒಯ್ದವರ ಮೇಲೆ ಸಿಟ್ಟೋ ಗೊತ್ತಿಲ್ಲ.

ಮೊದಲ ಟ್ರಂಕಿನಲ್ಲಿ 214 ಪುಸ್ತಕ. ಗೆದ್ದಲು ಹಿಡಿದದ್ದು ಬರೀ ಏಳು. ನಾನು ಆರು ಸಾವಿರ ಅಂದೆ. ರದ್ದಿಯವರು ಅದೇ ವಾರ ಬಂದು ಕೆಜಿಗೆ 12 ರೂಪಾಯಿಯಂತೆ ಏಳುನೂರು ಚಿಲ್ಲರೆ ಹೇಳಿ ಹೋಗಿದ್ದರಂತೆ. ಆರು ಸಾವಿರ ಅಂದ ಕೂಡಲೇ ಅಲ್ಲಿಯವರೆಗೂ ಮಾತಾಡದೆ ಕೂತಿದ್ದ ಅಮ್ಮ ಎದ್ದು ಬಂದರು. ‘ಮನಿಯವ್ರು ಹೊತ್ತಿಗಿ ತಂದ್ರ ಸಾಕು, ನಾ ಬೈತಿದ್ದೆ. ಇವು ಇಷ್ಟು ಬಾಳ್ತಾವೇನ್ರಿ?’ ಅಂದರು. ಆಮೇಲೆ ಸೊಸೆಯನ್ನು ಕರೆದು ಒಳಗೆ ಏನೋ ಮಾತಾಡಿದರು. ಹೊರಗೆ ಬಂದು, ‘ಎರಡನೇ ಟ್ರಂಕು ಇರ್ಲಿ ಬಿಡ್ರಿ, ನೋಡೋಣು’ ಅಂದರು.

ಅಷ್ಟು ಹೊತ್ತು ಅಟ್ಟದ ಮೇಲಿನ ಕಸ ಆಗಿದ್ದದ್ದು ರೇಟು ಹೇಳಿದ ಕೂಡಲೇ ಆಸ್ತಿ ಆಯಿತು! ನನಗೆ ಆ ದಿನ ಲುಕ್ಸಾನೇ, ಎರಡನೇ ಟ್ರಂಕು ತಪ್ಪಿತು. ಆದರೂ ದಾರಿಯುದ್ದಕ್ಕೂ ಖುಷಿ ಇತ್ತು, ಟಂಟಂ ಬಾಡಿಗೆ 800 ಕೊಟ್ಟಾಗಲೂ ಪೂರ್ತಿ ಹೋಗಲಿಲ್ಲ.

ಇನ್ನು ಗೈಡಿನ ವಿಷಯ. ಹೌದು, ಮಾರುತ್ತೇನೆ. ಶ್ರಾವಣದ ಒಂದು ಮಂಗಳವಾರದ ಲೆಕ್ಕ ಚೀಟಿಯಲ್ಲಿ ಬರೆದಿಟ್ಟಿದ್ದೆ. ಗಿರಾಕಿ 27. ಪಿಡಿಒ ಮತ್ತು ಎಸ್‌ಡಿಎ ನೌಕರಿ ಪರೀಕ್ಷೆಯ ಗೈಡ್ ಎರಡು, 840 ರೂಪಾಯಿ. ಪೆನ್ನು, ನೋಟ್‌ಬುಕ್ 410. ಜೆರಾಕ್ಸ್ 236. ಗುಡಿಯಲ್ಲಿ ಪುರಾಣ ಹಚ್ಚಿದ್ದಾರೆ ಅಂತ ಪುರಾಣದ ಪುಸ್ತಕ ಒಂದು, 250. ಕಾದಂಬರಿ ಒಂದು, 180. ಒಟ್ಟು 1,916. ಪುಸ್ತಕದ ಮುಖಪುಟದ ಫೋಟೊ ಹೊಡೆದುಕೊಂಡು, ‘ಬರ್ತೀವ್ರಿ’ ಅಂತ ಹೋದವರು ಮೂರು ಜನ. ಅವರು ಎಲ್ಲಿ ಕೊಳ್ಳುತ್ತಾರೆ ಅಂತ ಅವರಿಗೂ ಗೊತ್ತು, ನನಗೂ ಗೊತ್ತು.

ಗೈಡ್ ಕೊಳ್ಳುವ ಹುಡುಗರು ಯಾರು? ಕುಷ್ಟಗಿ, ಯಲಬುರ್ಗಾ, ಮಸ್ಕಿ ಕಡೆಯಿಂದ ಬಂದು, ನಾಲ್ಕು ಜನ ಒಂದು ರೂಮು ಹಿಡಿದು, ಲೈಬ್ರರಿ ಬಾಗಿಲು ತೆಗೆಯೋ ಮೊದಲೇ ಮೆಟ್ಟಿಲ ಮೇಲೆ ಕೂತಿರೋರು. ಸಂವಿಧಾನದಲ್ಲಿ 371ಜೆ ವಿಧಿ ಬಂದ ಮೇಲೆ ಈ ಭಾಗದವರಿಗೆ ನೌಕರಿಯಲ್ಲಿ ಮೀಸಲು ಸಿಕ್ಕಿತು, ಅಧಿಸೂಚನೆ ಬಂತು ಅಂದರೆ ಆ ವಾರ ನನ್ನ ಅಂಗಡಿಯಲ್ಲಿ ನಿಲ್ಲೋಕೆ ಜಾಗ ಇರಲ್ಲ. ಅವರನ್ನು ‘ಬರೀ ಗೈಡ್ ಓದೋರು’ ಅನ್ನೋದು ಸುಮ್ನೆ ಹೊಟ್ಟೆ ತುಂಬಿದ ಮಾತು. ವಿಗ್‌ಟೌನಿನ ಆ ಅಂಗಡಿಯವರೇ, ಅಲ್ಲಿ ರೈಲಿನ ಬಗ್ಗೆ ಬರೆದ ಪುಸ್ತಕಗಳು ಎಲ್ಲಕ್ಕಿಂತ ಚೆನ್ನಾಗಿ ಹೋಗುತ್ತವೆ ಅಂತ ಬರೆದುಕೊಂಡಿದ್ದಾರೆ. ಅಲ್ಲಿ ರೈಲು, ಇಲ್ಲಿ ಪಿಡಿಒ. ಬಾಡಿಗೆ ಕಟ್ಟೋದು ಯಾವುದೋ ಒಂದು ಕಟ್ಟಲಿ.

ಇನ್ನೊಂದು ಹೇಳುತ್ತೇನೆ. ಇಡೀ ಕೊಪ್ಪಳದಲ್ಲಿ ನಿಜವಾದ ಹಳೆ ಪುಸ್ತಕದ ಮಾರುಕಟ್ಟೆ ಅಂತ ಇದ್ದರೆ ಅದು ಹಳೆ ಗೈಡಿನದ್ದೇ. 480ರ ಗೈಡ್ ಪರೀಕ್ಷೆ ಮುಗಿದ ಮೇಲೆ ನನ್ನ ಹತ್ತಿರ 200ಕ್ಕೆ ವಾಪಸ್ ಬರುತ್ತೆ, 260ಕ್ಕೆ ಹೋಗುತ್ತೆ. ಅಂಡರ್‌ಲೈನ್ ಹಾಕಿದ್ದರೆ ಇನ್ನೂ ಬೇಗ ಹೋಗುತ್ತೆ, ‘ಓದಿದವ್ರಿಗೆ ನೌಕರಿ ಆಗೈತೇನ್ರಿ?’ ಅಂತ ಕೇಳಿ ತಗೊಳ್ಳುತ್ತಾರೆ. ಅದನ್ನು ಯಾರೂ ರದ್ದಿಗೆ ಹಾಕಲ್ಲ. ಯಾಕೆ ಅಂದರೆ ಎಲ್ಲಿ ಕೊಟ್ಟರೆ ಎಷ್ಟು ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಮಾಸ್ತರರ ಕಾದಂಬರಿಗೆ, ವಚನದ ಸಂಪುಟಕ್ಕೆ ಆ ದಾರಿ ಇಲ್ಲ, ಅಷ್ಟೇ ವ್ಯತ್ಯಾಸ.

ಹೊಸ ಪುಸ್ತಕದಲ್ಲಿ ನಮ್ಮಂಥವರು ಆನ್‌ಲೈನಿನ ಜೊತೆ ಜಗ್ಗಾಡೋಕೆ ಆಗಲ್ಲ. ಪ್ರಕಾಶಕರು ನನಗೆ ಕೊಡೋ ಕಮಿಷನ್ ಎಷ್ಟೋ ಅಷ್ಟನ್ನೇ ಅಲ್ಲಿ ಗಿರಾಕಿಗೆ ರಿಯಾಯಿತಿ ಅಂತ ಬಿಡುತ್ತಾರೆ. ಬ್ರಿಟನ್ನಿನಲ್ಲೂ ಇದೇ ಆಯಿತು. 1900ರಿಂದ ಅಲ್ಲಿ ಒಂದು ಒಪ್ಪಂದ ಇತ್ತು, ಪ್ರಕಾಶಕರು ಹಾಕಿದ ಬೆಲೆಗಿಂತ ಕಡಿಮೆಗೆ ಹೊಸ ಪುಸ್ತಕ ಮಾರುವಂತಿಲ್ಲ ಅಂತ. 1990ರ ದಶಕದಲ್ಲಿ ಅದು ಮುರಿದುಬಿತ್ತು, ಸೂಪರ್ ಮಾರ್ಕೆಟ್ಟಿನವರೂ ಆನ್‌ಲೈನಿನವರೂ ಬೆಲೆ ಇಳಿಸಿದರು, ಸಣ್ಣ ಅಂಗಡಿಗಳು ಒದ್ದಾಡಿದವು. ವಿಗ್‌ಟೌನಿನ ಅಂಗಡಿಯವರು ಪರದೆ ಮೇಲೆ ಪುಸ್ತಕ ಓದೋ ಒಂದು ಕಿಂಡಲ್ ಯಂತ್ರಕ್ಕೆ ಬಂದೂಕಿನಿಂದ ಗುಂಡು ಹೊಡೆದು ಗೋಡೆಗೆ ನೇತು ಹಾಕಿದ್ದಾರೆ. ನೋಡೋಕೆ ಚೆಂದ. ಆದರೆ ಅವರೂ ಆನ್‌ಲೈನಿನಲ್ಲಿ ಹಳೆ ಪುಸ್ತಕ ಮಾರುತ್ತಾರೆ, ಆರ್ಡರ್ ಬಂದದ್ದನ್ನು ಕಪಾಟಿನಲ್ಲಿ ಹುಡುಕಿ, ಕಟ್ಟಿ, ಪೋಸ್ಟ್ ಆಫೀಸಿಗೆ ಕಳಿಸುತ್ತಾರೆ. ನಾನೂ ಮಾಸ್ತರರ 214ರಲ್ಲಿ ಎಂಟು ತಿಂಗಳಲ್ಲಿ ಮಾರಿದ್ದು 90, ಅದರಲ್ಲಿ ಮುಕ್ಕಾಲು ಪೋಸ್ಟಿನಲ್ಲಿ. ಧಾರವಾಡದ ಒಬ್ಬರು ಒಂದೇ ಸಲ 14 ತಗೊಂಡರು. ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕ ಕಳಿಸೋಕೆ ಅಂತ ಜ್ಞಾನ ಪೋಸ್ಟ್ ಶುರು ಮಾಡಿದೆ, 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100, ತೆರಿಗೆ ಬೇರೆ. ಪುಸ್ತಕದ ವ್ಯಾಪಾರಕ್ಕೆ ಇತ್ತೀಚೆಗೆ ಆದ ಒಳ್ಳೆ ಕೆಲಸ ಅಂದರೆ ನನ್ನ ಪ್ರಕಾರ ಇದೊಂದು.

ಪುಸ್ತಕಗಳ ನಡುವೆ ಬದುಕೋರು ಪುಣ್ಯವಂತರು ಅಂತಲೂ ಲೇಖನದಲ್ಲಿತ್ತು. ವಿಗ್‌ಟೌನಿನಲ್ಲಿ ಒಂದು ಅಂಗಡಿ ಇದೆ, ಜನ ಬಾಡಿಗೆ ಕೊಟ್ಟು ಬಂದು ಒಂದು ವಾರ, ಎರಡು ವಾರ ತಾವೇ ಅಂಗಡಿ ನಡೆಸಿ ಖುಷಿಪಟ್ಟು ಹೋಗುತ್ತಾರೆ. ದೊಡ್ಡ ಪಾಳಿ ಇದೆಯಂತೆ ಅದಕ್ಕೆ. ನನ್ನ ಅಂಗಡಿಗೂ ಬರಬಹುದು, ಬಾಡಿಗೆ ಬೇಡ, ಏಪ್ರಿಲ್‌ನಲ್ಲಿ ಬರಬೇಕು ಅನ್ನೋದೊಂದೇ ಷರತ್ತು. ಅವರಿಗೆ ಚಳಿಯ ಕಾಟ, ನಮಗೆ ಬಿಸಿಲು. ಶಟರ್ ಮುಟ್ಟಿದರೆ ಕೈ ಸುಡುತ್ತೆ, ಗಮ್ಮಿನ ಬೈಂಡಿಂಗ್ ಬಿಟ್ಟು ಹಾಳೆಗಳು ಎಲೆ ಅಡಿಕೆಯ ಹಾಗೆ ಕೈಗೆ ಬರುತ್ತವೆ. ಓದೋದು ಮಧ್ಯಾಹ್ನ ಎರಡರಿಂದ ನಾಲ್ಕು, ರಸ್ತೆಯಲ್ಲಿ ನಾಯಿಯೂ ಇಲ್ಲದಾಗ. ಅದೂ ಮೂವತ್ತು ಪುಟ ಆಗೋ ಹೊತ್ತಿಗೆ ಯಾರಾದರೂ ಆಧಾರ್ ಜೆರಾಕ್ಸಿಗೆ ಬರುತ್ತಾರೆ. ಉದ್ರಿಯ ಕಥೆ ಬೇರೆ, ಒಂದು ಕಾಲೇಜು ಎರಡು ವರ್ಷದ ಹಿಂದೆ ಒಯ್ದ ಪುಸ್ತಕದ ಬಿಲ್ಲು ಇನ್ನೂ ‘ಪ್ರಿನ್ಸಿಪಾಲರ ಟೇಬಲ್ ಮ್ಯಾಲೈತಿ’.

ಆನೆಗೊಂದಿ ಬೇಡ ಅಂತ ನಾನು ಅಂತಿಲ್ಲ. ಮಹಾರಾಷ್ಟ್ರದವರು 2017ರಲ್ಲಿ ಪಂಚಗಣಿ ಹತ್ತಿರದ ಭಿಲಾರದಲ್ಲಿ ಮಾಡಿದ್ದಾರೆ, ಸ್ಟ್ರಾಬೆರಿ ಬೆಳೆಯೋ ಊರು, ಮನೆಮನೆಯಲ್ಲಿ ಪುಸ್ತಕ ಇಟ್ಟಿದ್ದಾರೆ, ಹೋಗಿ ಕೂತು ಓದಬಹುದು. ಒಳ್ಳೆಯದೇ. ಆದರೆ ಅದು ಓದೋ ಜಾಗ, ವ್ಯಾಪಾರ ಅಲ್ಲ. ವಿಗ್‌ಟೌನ್ ಬೇಕು ಅಂದರೆ ಅಂಗಡಿ ಬೇಕು, ಅಂಗಡಿಗೆ ಅಗ್ಗದ ಬಾಡಿಗೆ ಬೇಕು. ಪ್ರವಾಸಿಗರು ಬರೋ ಆನೆಗೊಂದಿ, ಸಣಾಪುರ ಕಡೆ ಈಗ ಜಾಗದ ರೇಟು ವಿಚಾರಿಸಿ ನೋಡಿ. ವಿಗ್‌ಟೌನಿನಲ್ಲಿ ಖಾಲಿ ಮನೆಯಿಂದ ಶುರುವಾಯಿತು, ಇಲ್ಲಿ ಸ್ವಾಗತ ಕಮಾನಿನಿಂದ ಶುರುವಾಗುತ್ತೆ. ಅನುದಾನದ ಅರ್ಧ ಕಮಾನಿಗೇ ಹೋಗುತ್ತೆ ಅನ್ನೋದು ನನ್ನ ಅನುಭವ.

ನನ್ನದು ಸಣ್ಣ ಕೋರಿಕೆ. ಜನವರಿಯಲ್ಲಿ ನಮ್ಮ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಬರುತ್ತಾರೆ. ಆಟಿಕೆಗೆ, ಬಳೆಗೆ, ಬೆಂಡು ಬತ್ತಾಸಿಗೆ ಸಾಲು ಇರುವ ಹಾಗೆ ಹಳೆ ಪುಸ್ತಕಕ್ಕೂ ಒಂದು ಸಾಲು ಕೊಡಲಿ. ಮಾರೋದಷ್ಟೇ ಅಲ್ಲ, ಕೊಳ್ಳೋದೂ ಅಲ್ಲೇ. ಅಟ್ಟದ ಮೇಲಿನ ಚೀಲ ಹೊತ್ತು ತನ್ನಿ, ಒಂದೊಂದು ನೋಡಿ ರೇಟು ಹೇಳುತ್ತೇವೆ, ಬೇಕಾದರೆ ಕೊಡಿ, ಬೇಡವಾದರೆ ವಾಪಸ್ ಒಯ್ಯಿರಿ. ಗಂಗಾವತಿ, ಸಿಂಧನೂರು, ಹೊಸಪೇಟೆಯಲ್ಲಿ ನನ್ನ ಹಾಗೆ ಹಳೆ ಪುಸ್ತಕ ಹಿಡಿಯೋ ಒಂದಿಬ್ಬರು ಇದ್ದಾರೆ, ಎಲ್ಲರೂ ಬರುತ್ತೇವೆ. ಜಾಗದ ಬಾಡಿಗೆ ಬಿಟ್ಟರೆ ಸಾಕು, ಪೆಂಡಾಲು ನಾವೇ ಹಾಕಿಕೊಳ್ಳುತ್ತೇವೆ. ದಾಸೋಹದಲ್ಲಿ ಮಿರ್ಚಿ ಬಡಿಸೋ ದಿನ ಮಾತ್ರ ಅಂಗಡಿ ಮುಚ್ಚುತ್ತೇವೆ. ಆ ಎಣ್ಣೆ ಕೈಯಲ್ಲಿ ಹಾಳೆ ತಿರುವಿದರೆ ಯಾವ ಪುಸ್ತಕಕ್ಕೂ ರೇಟು ಉಳಿಯಲ್ಲ, ಮತ್ತೆ ಅವತ್ತು ನಾವೂ ಊಟಕ್ಕೆ ಹೋಗಬೇಕಲ್ವಾ.

ಅಂದ ಹಾಗೆ, ಕುಕನೂರಿನಿಂದ ಮೊನ್ನೆ ಮತ್ತೆ ಫೋನ್ ಬಂದಿತ್ತು. ಎರಡನೇ ಟ್ರಂಕು ಕೊಡುತ್ತಾರಂತೆ. ಮೊಮ್ಮಗ ಮೊಬೈಲಿನಲ್ಲಿ ನೋಡಿ ಪ್ರತಿ ಪುಸ್ತಕಕ್ಕೂ ರೇಟು ಬರೆದು ಇಟ್ಟಿದ್ದಾನಂತೆ. ಬರೋ ಗುರುವಾರ ಹೋಗುತ್ತಿದ್ದೇನೆ, ಈ ಸಲ ಆರು ಸಾವಿರಕ್ಕೆ ಬಗ್ಗಲ್ಲ ಅವರು.

– ಪುಸ್ತಕದ ಅಂಗಡಿಯವ, ಕೊಪ್ಪಳ