ಕೀಬೋರ್ಡಿನ ಎಡಿಟ್ ಬಟನ್ ಯಾಕಿದೆ?

ಮಾನ್ಯರೇ,

ಗಣೇಶನ ಹಬ್ಬ ಬಂದ್ರೆ ಕೋಲಾರದ ಗಲ್ಲಿಗಲ್ಲೀಲೂ ಆರ್ಕೆಸ್ಟ್ರಾ, ಖುಷೀನೇ, ಆದ್ರೆ ಯಾವ ಪೆಂಡಾಲಿಗೆ ಹೋದ್ರೂ ಕೀಬೋರ್ಡಲ್ಲಿ ಅದೇ ಕೊಳಲು, ಅದೇ ಶೆಹನಾಯ್, ಕಂಪ್ನಿಯೋರು ತುಂಬಿ ಕಳಿಸಿದ ಟೋನನ್ನ ಹಂಗಂಗೇ ಬಾರಿಸ್ತಾರೆ. 1991ರಲ್ಲಿ ಬಂದ ಜನರಲ್ ಮಿಡಿ, ಅಂದ್ರೆ ಬೇರೆಬೇರೆ ಕಂಪ್ನಿ ಕೀಬೋರ್ಡಿಗೂ ಸೌಂಡುಗಳ ಕ್ರಮ ಒಂದೇ ಇರ್ಲಿ ಅಂತ ಮಾಡಿದ ಪಟ್ಟೀಲಿ 128 ಸೌಂಡು, ಶೆಹನಾಯ್ 112ನೇದು, ಹಂಗಂತ ಅದೇನು ಶಾಸನ ಅಲ್ವಲ್ಲ.

ಎಡಿಟ್‌ಗೆ ಹೋಗಿ ಅಟ್ಯಾಕ್ ಸ್ವಲ್ಪ ಏರಿಸಿದ್ರೆ ಸ್ವರ ಥಟ್ಟಂತ ಬಡಿಯೋ ಬದ್ಲು ಉಸಿರು ತುಂಬ್ಕೊಂಡು ಏಳುತ್ತೆ, ರಿಲೀಸ್ ಏರಿಸಿದ್ರೆ ಬೆರಳು ಎತ್ತಿದ ಮೇಲೂ ನಾದ ಎಳೀತಾ ಹೋಗುತ್ತೆ, ಫಿಲ್ಟರ್ ಕಟಾಫ್ ಇಳಿಸಿದ್ರೆ ಕಿವಿಗೆ ಚುಚ್ಚೋ ಕರ್ಕಶ ಹೋಗುತ್ತೆ. ಆ ಕಟಾಫ್ ಹತ್ರದ ನಾದಾನ ಎತ್ತಿ ಹಿಡಿಯೋ ರೆಸೊನೆನ್ಸ್ ಮಾತ್ರ ಜಾಸ್ತಿ ಮಾಡ್ಬೇಡಿ, ಸೀಟಿ ಹೊಡ್ದಂಗಾಗುತ್ತೆ. ಸ್ವರಾನ ಮೇಲಕ್ಕೂ ಕೆಳಕ್ಕೂ ಜಾರಿಸೋ ಪಿಚ್ ಬೆಂಡ್ ಸಾಮಾನ್ಯವಾಗಿ ಎರಡು ಸೆಮಿಟೋನಿಗೆ (ಅರ್ಧಸ್ವರಕ್ಕೆ) ನಿಂತಿರುತ್ತೆ, ದೊಡ್ಡ ಜಾರು ಬೇಕಂದ್ರೆ ಅದನ್ನೂ ಏರಿಸ್ಬೋದು. ಪ್ರತಿಧ್ವನಿ ಹೊಡಿಯೋ ಕಲ್ಯಾಣ ಮಂಟಪದಲ್ಲಿ ರಿವರ್ಬ್, ಅಂದ್ರೆ ಕೀಬೋರ್ಡೇ ಸೇರಿಸೋ ಗುಂಯ್‌ಗುಡೋ ನಾದ, ಇಳಿಸಿ, ಪುಣ್ಯ ಬರುತ್ತೆ! ಆಮೇಲೆ ಯೂಸರ್ ಮೆಮೊರೀಲಿ ಸೇವ್ ಮಾಡ್ಲೇಬೇಕು, ಇಲ್ದಿದ್ರೆ ಕರೆಂಟ್ ಹೋದ್ರೆ ಎಲ್ಲಾ ಹೋಯ್ತು. ತೀರಾ ಕಮ್ಮಿ ಬೆಲೆ ಕೀಬೋರ್ಡುಗಳಲ್ಲಿ ಇದೆಲ್ಲಾ ಇರಲ್ಲ, ಒಪ್ತೀನಿ, ಆದ್ರೆ ಸ್ಟೇಜಿಗೆ ತರೋ ಬಹಳಷ್ಟರಲ್ಲಿ ಇದೆ.

ನನ್ ಮಗಳು ಹೋಗೋ ಕ್ಲಾಸಲ್ಲಿ ಸರಳೆ, ಗ್ರೇಡ್ ಪರೀಕ್ಷೆ ಬಿಟ್ರೆ ಬೇರೆ ಮಾತಿಲ್ಲ, ಎಡಿಟ್ ಬಟನ್ ಮುಟ್ಟಿದ್ರೆ ಮೇಷ್ಟ್ರು ಗದರ್ತಾರೆ, ಕೆಟ್ಟೋಗುತ್ತಂತೆ. ಫ್ಯಾಕ್ಟರಿ ರೀಸೆಟ್ ಅಂತ ಒಂದಿದೆಯಲ್ಲ ಸ್ವಾಮಿ, ಯಾಕ್ ಭಯ? ಕನ್ನಡ ಮತ್ತು ಸಂಸ್ಕೃತಿ ಇಲಾಖೆಯೋರು ಚನ್ನಯ್ಯ ರಂಗಮಂದಿರದಲ್ಲಿ ಹಬ್ಬಕ್ಕೆ ಮುಂಚೆ ಒಂದು ಭಾನುವಾರ ಸ್ಥಳೀಯ ವಾದಕರಿಗೆ ಇದರ ಕಾರ್ಯಾಗಾರ ಇಡ್ಲಿ, ಅವರವರ ಕೀಬೋರ್ಡ್ ಅವರೇ ಹೊತ್ಕೊಂಡು ಬರ್ತಾರೆ.

– ಒಬ್ಬ ಕೇಳುಗ, ಕೋಲಾರ